ತೆರೆಯದ ತೂಬು

"ಮಗು ಅತ್ತಿತೇನವ್ವ?"

ಹೆರಿಗೆ ಕೋಣೆಯ ಬಾಗಿಲು ಅರೆ ತೆರೆದು ನರ್ಸು ಹೊರಗೆ ಇಣುಕಿದ ಕೂಡಲೇ ಅಜ್ಜಿಯಂದಿರು ಕೇಳುವ ಮೊದಲ ಪ್ರಶ್ನೆ ಇದು. ಗಂಡೋ ಹೆಣ್ಣೋ, ತೂಕ ಎಷ್ಟು, ಯಾರ ಹೋಲಿಕೆ ಎಂಬುದೆಲ್ಲ ಆಮೇಲಿನ ಮಾತು. "ಹೂಂ ಅಜ್ಜಿ, ಜೋರಾಗಿ ಅತ್ತಿತು" ಎಂಬ ಉತ್ತರ ಬಂದರೆ ಮನೆಮಂದಿಗೆಲ್ಲ ಜೀವ ಬಂದಂತಾಗುತ್ತದೆ. ಅತ್ತ ಮಗು ಉಸಿರಾಡಿದ ಮಗು, ಉಸಿರಾಡಿದ ಮಗು ಉಳಿದ ಮಗು. ತಲೆಮಾರುಗಳಿಂದ ಸೂಲಗಿತ್ತಿಯರು ಇಟ್ಟುಕೊಂಡು ಬಂದ ಲೆಕ್ಕ ಇದು. ಬಹುಪಾಲು ಸರಿಯಾದ ಲೆಕ್ಕವೂ ಹೌದು.

ಒಮ್ಮೊಮ್ಮೆ ಈ ಲೆಕ್ಕ ತಪ್ಪುತ್ತದೆ. ತಿಂಗಳು ತುಂಬಿ ಹುಟ್ಟಿದ, ಮೂರು ಕಿಲೋ ತೂಗುವ, ಚೆನ್ನಾಗಿಯೇ ಅತ್ತ ಮಗುವೊಂದು ಕೆಲವೇ ಗಂಟೆಗಳಲ್ಲಿ ಏದುಸಿರು ಬಿಡತೊಡಗುತ್ತದೆ. ತುಟಿ ನೀಲಿಗಟ್ಟುತ್ತದೆ. ಆಕ್ಸಿಜನ್ ಹಾಕಿದರೂ ಬಣ್ಣ ತಿರುಗುವುದಿಲ್ಲ. ಎಕ್ಸ್‌ರೇ ತೆಗೆದರೆ ಕೆಲವು ಮಕ್ಕಳಲ್ಲಿ ಶ್ವಾಸಕೋಶ ಏನೂ ಆಗದಂತೆ ಸ್ವಚ್ಛವಾಗಿ ಕಾಣುತ್ತದೆ. ಹೃದಯದ ಸ್ಕ್ಯಾನ್ ಮಾಡಿದರೆ ಅದರ ರಚನೆಯಲ್ಲೂ ದೋಷವಿಲ್ಲ. ಗಾಳಿ ಒಳಗೆ ಹೋಗುತ್ತಿದೆ, ಹೃದಯ ಬಡಿಯುತ್ತಿದೆ, ಮಗು ಮಾತ್ರ ನೀಲಿಯಾಗುತ್ತಲೇ ಇದೆ. "ಕೂಸನ್ನ ಪೆಟ್ಟಿಗೆಯಲ್ಲಿಟ್ಟಿದ್ದಾರಂತೆ" ಎಂಬ ಸುದ್ದಿ ಊರು ಮುಟ್ಟುವ ಹೊತ್ತಿಗೆ ಮನೆಯವರ ಬಾಯಲ್ಲಿ ಒಂದೇ ಮಾತು: ಅತ್ತಿತ್ತಲ್ಲ, ಮತ್ತೇನಾಯಿತು?

ಮಗು ಹುಟ್ಟಿದೆ. ಅದರ ಶ್ವಾಸಕೋಶದ ರಕ್ತನಾಳಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಆಗಿರುವುದು ಇಷ್ಟೇ.

ಸಾವಿರ ಮಕ್ಕಳಲ್ಲಿ ಸುಮಾರು ಇಬ್ಬರಿಗೆ ಹೀಗಾಗುತ್ತದೆ. ವೈದ್ಯರು ಇದನ್ನು ಪರ್ಸಿಸ್ಟೆಂಟ್ ಪಲ್ಮನರಿ ಹೈಪರ್‌ಟೆನ್ಷನ್ ಆಫ್ ದ ನ್ಯೂಬಾರ್ನ್ ಎನ್ನುತ್ತಾರೆ, ಚುಟುಕಾಗಿ ಪಿಪಿಎಚ್‌ಎನ್. ನಾವು 'ಇಳಿಯದ ಶ್ವಾಸಕೋಶದ ಒತ್ತಡ' ಎಂದು ಕರೆಯೋಣ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿ.ಪಿ. ಬೇರೆ, ಇದು ಬೇರೆ. ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳಗಳಲ್ಲಿ ಅವುಗಳದ್ದೇ ಒಂದು ಒತ್ತಡ ಇರುತ್ತದೆ. ದೊಡ್ಡವರಲ್ಲಿ ಅದು ತೋಳಿನ ಬಿ.ಪಿ.ಯ ಸುಮಾರು ಐದರಲ್ಲಿ ಒಂದು ಪಾಲು. ಗರ್ಭದಲ್ಲಿರುವ ಮಗುವಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹುಟ್ಟಿದ ಮೇಲೆ ಇಳಿಯಬೇಕಾದ ಆ ಒತ್ತಡ ಇಳಿಯದೆ ನಿಂತರೆ ಮಗು ನೀಲಿಯಾಗುತ್ತದೆ. ಯಾಕೆ ನಿಲ್ಲುತ್ತದೆ ಎಂದು ತಿಳಿಯಬೇಕಾದರೆ ಅದು ಮೊದಲಿಗೆ ಅಷ್ಟು ಮೇಲೆ ಇದ್ದದ್ದೇಕೆ ಎಂಬಲ್ಲಿಂದ ಶುರುಮಾಡಬೇಕು.

ಅರವತ್ತರಲ್ಲಿ ಬದುಕುವ ಜೀವ

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಮನೆಮನೆಗೂ ಬಂತು. ಅಂಕಿ 94ಕ್ಕಿಂತ ಕೆಳಗಿಳಿದರೆ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು. ರಕ್ತದ ಹಿಮೋಗ್ಲೋಬಿನ್ನಿನಲ್ಲಿ ನೂರಕ್ಕೆ ಎಷ್ಟು ಪಾಲು ಆಮ್ಲಜನಕ ಹೊತ್ತಿದೆ ಎಂಬುದನ್ನು ಆ ಅಂಕಿ ಹೇಳುತ್ತದೆ. ಗರ್ಭದಲ್ಲಿರುವ ಮಗುವಿನ ಮೈಯಲ್ಲಿ ಹರಿಯುವ ರಕ್ತಕ್ಕೆ ಈ ಅಂಕಿ 60ರ ಆಸುಪಾಸು. ಅಷ್ಟರಲ್ಲೇ ಅದು ತಿಂಗಳುಗಟ್ಟಲೆ ಬೆಳೆಯುತ್ತದೆ, ಒದೆಯುತ್ತದೆ, ಹೆಬ್ಬೆರಳು ಚೀಪುತ್ತದೆ.

ಕೇಂಬ್ರಿಜ್‌ನ ಶರೀರವಿಜ್ಞಾನಿ ಜೋಸೆಫ್ ಬಾರ್‌ಕ್ರಾಫ್ಟ್ ತೆಳುಗಾಳಿಯಲ್ಲಿ ಮನುಷ್ಯ ಹೇಗೆ ಬದುಕುತ್ತಾನೆಂದು ನೋಡಲು 1920ರ ದಶಕದ ಆರಂಭದಲ್ಲಿ ಪೆರು ದೇಶದ ಗಣಿ ಊರೊಂದಕ್ಕೆ ಹೋಗಿದ್ದವರು. ಮುಂದೆ ಅವರು ಕುರಿಯ ಗರ್ಭದಲ್ಲಿರುವ ಮರಿಗಳ ಕಡೆ ತಿರುಗಿದರು. ಅವೆರಡೂ ಒಂದೇ ಪ್ರಶ್ನೆಯ ಎರಡು ಮುಖ. ಗರ್ಭದ ಮಗು ಎವರೆಸ್ಟ್ ಮೇಲೆ ಬದುಕುತ್ತಿದೆ ಎಂಬ ಹೋಲಿಕೆ ವೈದ್ಯರ ಬಾಯಲ್ಲಿ ಇಂದಿಗೂ ಇದೆ.

ಅಷ್ಟು ಕಡಿಮೆಯಲ್ಲಿ ಮಗು ಬದುಕುವುದು ಮಾಸಿನ ದೆಸೆಯಿಂದ. ಹೆರಿಗೆಯ ನಂತರ 'ಕಸ ಬಿತ್ತೇ' ಎಂದು ಕೇಳುತ್ತೇವಲ್ಲ, ಆ ಕಸವೇ ಒಂಬತ್ತು ತಿಂಗಳು ಮಗುವಿನ ಶ್ವಾಸಕೋಶವಾಗಿ ದುಡಿದಿರುತ್ತದೆ. ಅದನ್ನು ಕಸ ಎಂದು ಕರೆಯುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಾಯಿಯ ರಕ್ತದಿಂದ ಆಮ್ಲಜನಕ ಹೀರಿ ಹೊಕ್ಕುಳಬಳ್ಳಿಗೆ ಕೊಡುವುದು ಅದು. ಮಗುವಿನ ಹಿಮೋಗ್ಲೋಬಿನ್ ಕೂಡ ದೊಡ್ಡವರದ್ದಕ್ಕಿಂತ ಬೇರೆ ಜಾತಿಯದು, ಸಿಕ್ಕಿದ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ಹಾಗಾದರೆ ಮಗುವಿನ ಸ್ವಂತ ಶ್ವಾಸಕೋಶ? ಅದರ ತುಂಬ ನೀರು. ಶ್ವಾಸಕೋಶವೇ ಸುರಿಸಿಕೊಂಡ ದ್ರವ, ಸಣ್ಣ ಟೀ ಲೋಟದಷ್ಟು. ಗಾಳಿ ಇಲ್ಲದ ಜಾಗಕ್ಕೆ ರಕ್ತ ಕಳಿಸಿ ಪ್ರಯೋಜನವಿಲ್ಲ. ಹಾಗಾಗಿ ದೇಹ ಕಳಿಸುವುದಿಲ್ಲ.

ಕೆರೆ, ತೂಬು, ಕೋಡಿ

ನಮ್ಮ ಬಯಲುಸೀಮೆಯ ಕೆರೆಗಳನ್ನು ನೆನಪಿಸಿಕೊಳ್ಳಿ. ಏರಿಯ ಕೆಳಗೆ ಗದ್ದೆಗೆ ನೀರು ಬಿಡಲು ತೂಬು. ಪಕ್ಕದಲ್ಲಿ, ಕೆರೆ ತುಂಬಿದರೆ ಹೆಚ್ಚಾದದ್ದು ಹರಿದುಹೋಗಲು ಕೋಡಿ. ತೂಬನ್ನು ಯಾವಾಗ ಎತ್ತಬೇಕು, ಎಷ್ಟು ಎತ್ತಬೇಕು ಎಂದು ನೋಡಿಕೊಳ್ಳುವವನು ನೀರಗಂಟಿ. ತೂಬು ಮುಚ್ಚಿದ್ದು ಕೆರೆಗೆ ನೀರು ಬರುತ್ತಲೇ ಇದ್ದರೆ ಅದೆಲ್ಲ ಕೋಡಿಯ ಮೇಲೆ ಹರಿಯುತ್ತದೆ.

ಹೃದಯದ ಬಲಭಾಗ ಒಂದು ಕೆರೆ. ಮೈಯೆಲ್ಲ ಸುತ್ತಿ ಆಮ್ಲಜನಕ ಕಳೆದುಕೊಂಡ ರಕ್ತ ಅಲ್ಲಿಗೆ ಬಂದು ಸೇರುತ್ತದೆ. ಅಲ್ಲಿಂದ ಅದು ಶ್ವಾಸಕೋಶವೆಂಬ ಗದ್ದೆಗೆ ಹೋಗಬೇಕು. ಶ್ವಾಸಕೋಶದ ಸಣ್ಣ ಸಣ್ಣ ರಕ್ತನಾಳಗಳ ಗೋಡೆಯಲ್ಲಿ ಸ್ನಾಯುಗಳಿವೆ. ಅವು ಬಿಗಿದರೆ ತೂಬು ಮುಚ್ಚಿತು, ಸಡಿಲಾದರೆ ತೆರೆಯಿತು. ಗರ್ಭದಲ್ಲಿ ಅವು ಬಿಗಿದೇ ಇರುತ್ತವೆ. ಬಂದ ರಕ್ತಕ್ಕೆ ದಾರಿ ಬೇಕಲ್ಲ, ಅದಕ್ಕೆ ಎರಡು ಕೋಡಿಗಳಿವೆ. ಹೃದಯದ ಮೇಲಿನ ಎರಡು ಕೋಣೆಗಳ ನಡುಗೋಡೆಯಲ್ಲಿರುವ ಕಿಂಡಿ ಒಂದು. ವೈದ್ಯರ ಭಾಷೆಯಲ್ಲಿ ಫೊರಾಮೆನ್ ಓವೇಲ್. ಅದಕ್ಕೊಂದು ತೆಳುವಾದ ಕದವಿದೆ, ಅದು ಬಲದಿಂದ ಎಡಕ್ಕೆ ಮಾತ್ರ ತೆರೆದುಕೊಳ್ಳುತ್ತದೆ. ಇನ್ನೊಂದು ಅಡ್ಡನಾಳ, ಡಕ್ಟಸ್ ಆರ್ಟೀರಿಯೋಸಸ್. ಶ್ವಾಸಕೋಶಕ್ಕೆ ಹೋಗುವ ದೊಡ್ಡ ನಾಳವನ್ನು ಅದು ಮೈಗೆ ರಕ್ತ ಒಯ್ಯುವ ಮಹಾನಾಳಕ್ಕೆ ಜೋಡಿಸುತ್ತದೆ. ಇವೆರಡೂ ಗರ್ಭದಲ್ಲಿ ಯಾವ ಕೆಲಸಕ್ಕಿವೆ ಎಂಬುದನ್ನು ರಕ್ತದ ಸುತ್ತಾಟ ಕಂಡುಹಿಡಿದ ವಿಲಿಯಂ ಹಾರ್ವಿ 1628ರಲ್ಲೇ ತಮ್ಮ ಪುಸ್ತಕದಲ್ಲಿ ವಿವರಿಸಿದ್ದರು.

ಈ ಏರ್ಪಾಟಿನಲ್ಲಿ ಹೃದಯ ತಳ್ಳುವ ರಕ್ತದ ಹತ್ತು ಪಾಲಿನಲ್ಲಿ ಒಂದೆರಡು ಪಾಲು ಮಾತ್ರ ಶ್ವಾಸಕೋಶಕ್ಕೆ. ಮಿಕ್ಕದ್ದು ಕೋಡಿ ಹಾರಿ ಮೈಗೆ, ಅಲ್ಲಿಂದ ಹೊಕ್ಕುಳಬಳ್ಳಿಯ ಮೂಲಕ ಮಾಸಿಗೆ. ಮುಚ್ಚಿದ ತೂಬು ಗರ್ಭದಲ್ಲಿ ಮಗುವನ್ನು ಕಾಪಾಡುವ ವ್ಯವಸ್ಥೆ. ಇದನ್ನು ಮರೆತರೆ ಮುಂದಿನ ಕತೆ ಅರ್ಥವಾಗದು.

ಉಳಿದ ಅಂಗಗಳಿಗೆ ತಿರುಗುಮುರುಗು

ತೂಬನ್ನು ಹೀಗೆ ಮುಚ್ಚಿಟ್ಟವರು ಯಾರು? ಇಲ್ಲಿ ಶ್ವಾಸಕೋಶದ ಒಂದು ವಿಚಿತ್ರ ಗುಣ ಗೊತ್ತಿರಬೇಕು. ಓಡುವಾಗ ಕಾಲಿನ ಸ್ನಾಯುಗಳಿಗೆ ಆಮ್ಲಜನಕ ಸಾಲದಾದರೆ ಅಲ್ಲಿನ ರಕ್ತನಾಳಗಳು ಅಗಲವಾಗುತ್ತವೆ, ಹೆಚ್ಚು ರಕ್ತ ಬರಲಿ ಎಂದು. ಮಿದುಳಿನಲ್ಲೂ ಹಾಗೆಯೇ, ಹೃದಯದಲ್ಲೂ ಹಾಗೆಯೇ. ಶ್ವಾಸಕೋಶದ ನಾಳಗಳು ಮಾತ್ರ ಆಮ್ಲಜನಕ ಕಡಿಮೆಯಾದಾಗ ಇನ್ನಷ್ಟು ಬಿಗಿದುಕೊಳ್ಳುತ್ತವೆ. 1946ರಲ್ಲಿ ಸ್ವೀಡನ್ನಿನ ಉಲ್ಫ್ ವಾನ್ ಆಯ್ಲರ್ ಮತ್ತು ಯೋರಾನ್ ಲಿಲ್ಯೆಸ್ಟ್ರಾಂಡ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ ಇದನ್ನು ತೋರಿಸಿದರು.

ದೊಡ್ಡವರಿಗೆ ಇದರಿಂದ ಲಾಭವಿದೆ. ನ್ಯುಮೋನಿಯಾ ಬಂದು ಶ್ವಾಸಕೋಶದ ಒಂದು ಮೂಲೆಯಲ್ಲಿ ಕಫ ತುಂಬಿತು ಎನ್ನಿ. ಅಲ್ಲಿಗೆ ಗಾಳಿ ಬರದು. ಅಲ್ಲಿಗೆ ಹೋದ ರಕ್ತ ಬರಿಗೈಯಲ್ಲಿ ಮರಳುತ್ತದೆ. ಆಗ ಆ ಮೂಲೆಯ ನಾಳಗಳು ಬಿಗಿದು, ರಕ್ತವನ್ನು ಗಾಳಿಯಾಡುವ ಕಡೆಗೆ ಕಳಿಸುತ್ತವೆ. ಪೈರಿಲ್ಲದ ಗದ್ದೆಯ ಮಡೆ ಕಟ್ಟಿ ಪೈರಿರುವ ಗದ್ದೆಗೆ ನೀರು ತಿರುಗಿಸುವ ರೈತನ ಜಾಣತನವೇ ಇದು. ಗರ್ಭದಲ್ಲಿ ಇಡೀ ಶ್ವಾಸಕೋಶಕ್ಕೇ ಗಾಳಿ ಇಲ್ಲ. ಅಲ್ಲಿ ಎಲ್ಲ ಮಡೆಗಳೂ ಮುಚ್ಚಿರುತ್ತವೆ.

ತೆಳುಗಾಳಿಯ ಎತ್ತರದ ಊರುಗಳಲ್ಲಿ ಇದೇ ಗುಣ ಕಾಡುತ್ತದೆ. ಅಮೆರಿಕದ ಕೊಲರಾಡೋ ಪರ್ವತಗಳಿಗೆ ಮೇಯಲು ಒಯ್ದ ದನಗಳಲ್ಲಿ ಕೆಲವಕ್ಕೆ ಎದೆಯ ಕೆಳಗಿನ ತೊಗಲು ಊದಿ ಹೃದಯ ಸೋಲುತ್ತದೆ. ಎತ್ತರದಲ್ಲಿ ಶ್ವಾಸಕೋಶದ ನಾಳಗಳು ಬಿಗಿದು, ಅವುಗಳ ವಿರುದ್ಧ ತಳ್ಳಿ ತಳ್ಳಿ ಹೃದಯದ ಬಲಭಾಗ ಸುಸ್ತಾಗುವುದೇ ಕಾರಣ. ಆ ನಾಡಿನ ರಾಜಧಾನಿ ಡೆನ್ವರ್‌ನ ವೈದ್ಯರು ಮುಂದೆ ಈ ಕತೆಯಲ್ಲಿ ಮತ್ತೆ ಬರುತ್ತಾರೆ.

ಮೊದಲ ಹತ್ತು ನಿಮಿಷ

ಹೆರಿಗೆ ನೋವು ಶುರುವಾದಾಗಲೇ ತಯಾರಿ ಆರಂಭ. ನೋವಿನ ಒತ್ತಡಕ್ಕೆ ಮಗುವಿನ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಅಲ್ಲಿಯವರೆಗೆ ನೀರು ಸುರಿಸುತ್ತಿದ್ದ ಶ್ವಾಸಕೋಶ ಆ ಸಂಕೇತ ಸಿಕ್ಕೊಡನೆ ನೀರು ಹೀರಲು ತೊಡಗುತ್ತದೆ. ಮಗು ಹೊರಬಂದು ಚೀರಿದಾಗ ಗಾಳಿ ನುಗ್ಗಿ ಉಳಿದ ದ್ರವವನ್ನೂ ಬದಿಗೆ ತಳ್ಳುತ್ತದೆ. ನೀರು ತುಂಬಿದ್ದ ಗಾಳಿಗೂಡುಗಳು ಗಾಳಿ ತುಂಬಿ ಅರಳುತ್ತವೆ, ಅವುಗಳ ಸುತ್ತ ಹೆಣೆದ ರಕ್ತನಾಳಗಳು ಹಿಗ್ಗುತ್ತವೆ. ಆಕ್ಸ್‌ಫರ್ಡಿನ ಜೆಫ್ರಿ ಡಾಸ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಕುರಿಮರಿಗಳಲ್ಲಿ ಈ ಗಳಿಗೆಯನ್ನು ಅಳೆದರು. ಆಮ್ಲಜನಕವೇ ಇಲ್ಲದ ಅನಿಲದಿಂದ ಶ್ವಾಸಕೋಶವನ್ನು ಊದಿಸಿದರೂ ರಕ್ತದ ಹರಿವು ಹೆಚ್ಚುತ್ತಿತ್ತು, ಆಮ್ಲಜನಕ ಬೆರೆಸಿದರೆ ಇನ್ನೂ ಹೆಚ್ಚುತ್ತಿತ್ತು. ಅರಳುವುದು ಒಂದು ಸಂಕೇತ, ಆಮ್ಲಜನಕ ಇನ್ನೊಂದು.

ಈ ಎರಡೂ ಸಂಕೇತಗಳು ಸಿಕ್ಕಾಗ ರಕ್ತನಾಳದ ಒಳಪದರ ಕೆಲವು ವಸ್ತುಗಳನ್ನು ಒಸರುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ನೈಟ್ರಿಕ್ ಆಕ್ಸೈಡ್ ಎಂಬ ಪುಟ್ಟ ಅನಿಲ. ನಮ್ಮ ಕೆರೆಯ ನೀರಗಂಟಿ ಅದೇ. ಅದು ಸ್ನಾಯುವನ್ನು ಮುಟ್ಟಿದರೆ ಸ್ನಾಯು ಸಡಿಲಾಗುತ್ತದೆ, ತೂಬು ಏಳುತ್ತದೆ. ಶ್ವಾಸಕೋಶಕ್ಕೆ ಹೋಗುವ ರಕ್ತ ಎಂಟು ಹತ್ತು ಪಟ್ಟು ಏರುತ್ತದೆ. ಅಲ್ಲಿಂದ ಮರಳಿದ ರಕ್ತ ಹೃದಯದ ಎಡಭಾಗವನ್ನು ತುಂಬಿ ಕಿಂಡಿಯ ಕದವನ್ನು ಒತ್ತಿ ಮುಚ್ಚುತ್ತದೆ. ಬಳ್ಳಿ ಕತ್ತರಿಸಿದಾಗ ಮಾಸಿನ ಕಡೆಗಿದ್ದ ಸಲೀಸಾದ ದಾರಿ ಕಳಚಿ ಮೈಯ ಬಿ.ಪಿ. ಏರುತ್ತದೆ. ಉಳಿದದ್ದು ಅಡ್ಡನಾಳ. ಅದರ ಸ್ನಾಯು ಶ್ವಾಸಕೋಶದ ನಾಳಗಳಿಗೆ ತದ್ವಿರುದ್ಧ, ಆಮ್ಲಜನಕ ಹೆಚ್ಚಾದರೆ ಬಿಗಿಯುತ್ತದೆ. ತೂಬನ್ನು ಎತ್ತಿದ ಆಮ್ಲಜನಕವೇ ಕೋಡಿಯನ್ನೂ ಕಟ್ಟುತ್ತದೆ. ಒಂದೇ ವಸ್ತುವಿಂದ ಎರಡೂ ಕೆಲಸ ಆಗುವ ಈ ಹೊಂದಾಣಿಕೆಯನ್ನು ಎಷ್ಟು ಸಲ ಓದಿದರೂ ನನಗೆ ಬೆರಗು ಇಳಿದಿಲ್ಲ. ಅಡ್ಡನಾಳ ಪೂರ್ತಿ ಬಿಗಿಯಲು ಒಂದೆರಡು ದಿನ ಬೇಕು. ಆ ದಿನಗಳು ನಾಜೂಕಿನವು.

ಆರೋಗ್ಯವಾದ ಮಗುವಿನಲ್ಲೂ ಬಣ್ಣ ತಕ್ಷಣ ತಿರುಗುವುದಿಲ್ಲ. ಮೊದಲ ನಿಮಿಷದಲ್ಲಿ ಆಕ್ಸಿಮೀಟರಿನ ಅಂಕಿ 60ರಿಂದ 65, ಐದನೆಯ ನಿಮಿಷಕ್ಕೆ 80ರಿಂದ 85, ಹತ್ತನೆಯ ನಿಮಿಷಕ್ಕೆ 85ರಿಂದ 95. ಅಂಗೈ ಅಂಗಾಲು ಒಂದೆರಡು ದಿನ ನೀಲಿಛಾಯೆಯಲ್ಲಿದ್ದರೂ ಹೆದರಬೇಕಿಲ್ಲ. ನಾಲಿಗೆ ನೀಲಿಯಾದರೆ ಮಾತ್ರ ಒಂದು ನಿಮಿಷವನ್ನೂ ಕಳೆಯಬಾರದು.

ಸುಳಿ

ತೂಬು ಏಳದಿದ್ದರೆ? ರಕ್ತ ಹಳೆಯ ರೂಢಿಯಂತೆ ಕೋಡಿಯ ಮೇಲೆಯೇ ಹರಿಯುತ್ತದೆ. ಗಾಳಿ ತುಂಬಿದ ಶ್ವಾಸಕೋಶ ಪಕ್ಕದಲ್ಲೇ ಕಾದಿರುತ್ತದೆ, ರಕ್ತ ಅದನ್ನು ಮುಟ್ಟದೆ ದಾಟಿಹೋಗುತ್ತದೆ. ಆಮ್ಲಜನಕವಿಲ್ಲದ ಆ ರಕ್ತವೇ ಮೈಗೆ ಹೋಗುತ್ತದೆ. ಮೈಯಲ್ಲಿ ಆಮ್ಲಜನಕ ಇಳಿಯುತ್ತದೆ, ಆಮ್ಲ ಸೇರುತ್ತದೆ. ಆಮ್ಲಜನಕ ಇಳಿದರೆ ಶ್ವಾಸಕೋಶದ ನಾಳಗಳು ಏನು ಮಾಡುತ್ತವೆ? ಇನ್ನಷ್ಟು ಬಿಗಿಯುತ್ತವೆ. ಬಿಗಿದರೆ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ಈ ಕಾಯಿಲೆಯ ತಿರುಳು ಈ ಸುಳಿ. ಗಂಟೆ ಗಂಟೆಗೂ ಮಗುವನ್ನು ಅದು ಒಳಕ್ಕೆ ಎಳೆಯುತ್ತದೆ. ಮೈ ತಣ್ಣಗಾದರೆ ಸುಳಿಯ ವೇಗ ಹೆಚ್ಚುತ್ತದೆ. 1969ರಲ್ಲಿ ನ್ಯೂಯಾರ್ಕಿನ ವೆಲ್ಟನ್ ಗರ್ಸನಿ ಮತ್ತು ಸಂಗಡಿಗರು ಈ ಕಾಯಿಲೆಯನ್ನು ಗುರುತಿಸಿ 'ಮುಂದುವರಿದ ಗರ್ಭಕಾಲದ ರಕ್ತಸಂಚಾರ' ಎಂಬ ಅರ್ಥದ ಹೆಸರಿಟ್ಟಿದ್ದರು. ಒಂದು ವ್ಯತ್ಯಾಸವಿದೆ: ಗರ್ಭದಲ್ಲಿದ್ದಾಗ ಮಾಸು ಇತ್ತು, ಈಗ ಇಲ್ಲ.

ತೂಬು ಸಿಕ್ಕಿಹಾಕಿಕೊಳ್ಳಲು ಕಾರಣಗಳು ಹಲವು. ಹೆರಿಗೆಯ ವೇಳೆ ಉಸಿರುಗಟ್ಟಿದ ಮಗು, ಸೋಂಕು ತಗುಲಿದ ಮಗು, ಎದೆಗೂ ಹೊಟ್ಟೆಗೂ ನಡುವಿನ ವಪೆಯಲ್ಲಿ ತೂತಿದ್ದು ಕರುಳು ಎದೆಗೇರಿ ಶ್ವಾಸಕೋಶವೇ ಸಣ್ಣದಾಗಿ ಉಳಿದ ಮಗು. ಕೆಲವರಲ್ಲಿ ಗರ್ಭದಲ್ಲೇ ನಾಳಗಳ ಸ್ನಾಯು ದಪ್ಪಗಾಗಿರುತ್ತದೆ. ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್‌ನಂಥ ನೋವಿನ ಮಾತ್ರೆಗಳನ್ನು ಗರ್ಭಿಣಿ ಕೊನೆಯ ತಿಂಗಳುಗಳಲ್ಲಿ ನುಂಗಿದರೆ ಅಡ್ಡನಾಳ ಗರ್ಭದಲ್ಲೇ ಬಿಗಿಯುವ ಅಪಾಯವಿದೆ. ಕೋಡಿ ಮುಚ್ಚಿದರೆ ನೀರೆಲ್ಲ ಮುಚ್ಚಿದ ತೂಬಿನ ಮೇಲೇ ಒತ್ತುತ್ತದೆ. ಔಷಧದಂಗಡಿಯಲ್ಲಿ ಕೇಳಿದೊಡನೆ ಸಿಗುವ ಮಾತ್ರೆ ಎಂಬ ಸಲಿಗೆ ಗರ್ಭಿಣಿಯರಿಗೆ ಬೇಡ.

ಎಲ್ಲಕ್ಕಿಂತ ನಮ್ಮಲ್ಲಿ ಹೆಚ್ಚು ಕೇಳುವುದು ಇನ್ನೊಂದು ಮಾತು: "ಮಗು ಹೊಟ್ಟೆಯಲ್ಲೇ ಕಕ್ಕ ಮಾಡಿಕೊಂಡು ಗಲೀಜು ನೀರು ಕುಡಿದಿದೆ." ಮಗುವಿನ ಕರುಳಲ್ಲಿ ಶೇಖರವಾಗುವ ಹಸಿರುಗಪ್ಪು ಅಂಟಿನಂಥ ಮೊದಲ ಮಲ, ಮೆಕೋನಿಯಂ, ಹುಟ್ಟಿದ ಮೇಲೆ ಹೊರಬರಬೇಕು. ದಿನ ಮೀರಿದಾಗ ಅಥವಾ ಮಗುವಿಗೆ ಉಸಿರು ಸಾಲದಾದಾಗ ಅದು ಗರ್ಭದಲ್ಲೇ ಬಿದ್ದು ನೀರಿಗೆ ಬೆರೆಯುತ್ತದೆ. ಇದು ಹತ್ತರಲ್ಲಿ ಒಂದು ಹೆರಿಗೆಯಲ್ಲಾದರೂ ಕಾಣುತ್ತದೆ, ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ. ಅಂಥ ಇಪ್ಪತ್ತರಲ್ಲಿ ಒಂದು ಮಗು ಅದನ್ನು ಶ್ವಾಸಕೋಶದೊಳಕ್ಕೆ ಎಳೆದುಕೊಂಡು ಕಾಯಿಲೆ ಬೀಳುತ್ತದೆ. ಜನ ಕುಡಿದಿದೆ ಎನ್ನುತ್ತಾರೆ. ಹೊಟ್ಟೆಗೆ ಹೋದದ್ದರಿಂದ ಅಪಾಯವಿಲ್ಲ, ಉಸಿರಿನ ದಾರಿಗೆ ಹೋದದ್ದು ಕಷ್ಟ. ಅಂಟು ಗಾಳಿಯ ದಾರಿ ಕಟ್ಟುತ್ತದೆ, ಒಳಮೈಯನ್ನು ಕೆರಳಿಸುತ್ತದೆ, ಆಮ್ಲಜನಕ ಇಳಿಯುತ್ತದೆ. ಸುಳಿಗೆ ಅಷ್ಟು ಸಾಕು.

ಇನ್ನೊಂದನ್ನು ನೇರವಾಗಿ ಹೇಳಬೇಕು. ಒಳ್ಳೆಯ ನಕ್ಷತ್ರ, ಒಳ್ಳೆಯ ಗಳಿಗೆ ನೋಡಿ ಸಿಸೇರಿಯನ್ ಮಾಡಿಸುವ ರೂಢಿ ನಮ್ಮಲ್ಲಿ ಬಂದುಬಿಟ್ಟಿದೆ. ನೋವು ಶುರುವಾಗುವ ಮೊದಲೇ, 39 ವಾರ ತುಂಬುವ ಮೊದಲೇ ಹೊರತೆಗೆದ ಮಕ್ಕಳಲ್ಲಿ ಉಸಿರಾಟದ ತೊಂದರೆಯೂ ಈ ಒತ್ತಡದ ಕಾಯಿಲೆಯೂ ಹೆಚ್ಚು. ಶ್ವಾಸಕೋಶಕ್ಕೆ ನೀರು ಹೀರು ಎಂದು ಹೇಳುವ ಸಂಕೇತ ಆ ಮಗುವಿಗೆ ಸಿಕ್ಕಿರುವುದೇ ಇಲ್ಲ. ತಾಯಿಗೋ ಮಗುವಿಗೋ ಅಪಾಯವಿದ್ದು ವೈದ್ಯರು ಸಿಸೇರಿಯನ್ ಬೇಕೆಂದರೆ ತಡಮಾಡದೆ ಒಪ್ಪಬೇಕು. ಪಂಚಾಂಗಕ್ಕಾಗಿ ವಾರಗಳನ್ನು ಕಡಿತ ಮಾಡುವುದು ತಪ್ಪು. ಮಗುವಿನ ಜಾತಕ ಚೆನ್ನಾಗಿರಲಿ ಎಂಬ ಆಸೆಗೆ ಮಗುವೇ ಬೆಲೆ ತೆರಬಾರದು.

ಬಲಗೈಗೊಂದು, ಕಾಲಿಗೊಂದು

ಈ ಕಾಯಿಲೆಯನ್ನು ಪತ್ತೆ ಮಾಡಲು ಒಂದು ಸರಳ ಉಪಾಯವಿದೆ. ಅಡ್ಡನಾಳ ಮಹಾನಾಳವನ್ನು ಸೇರುವ ಜಾಗಕ್ಕಿಂತ ಮೊದಲೇ ಬಲಗೈಗೆ ಹೋಗುವ ನಾಳ ಕವಲೊಡೆದಿರುತ್ತದೆ. ಕಾಲಿಗೆ ಹೋಗುವ ರಕ್ತ ಆ ಜಾಗ ದಾಟಿಯೇ ಹೋಗಬೇಕು. ಹಾಗಾಗಿ ಬಲಗೈಗೆ ಎಡ ಹೃದಯದಿಂದ ಬಂದ ರಕ್ತ ಸಿಗುತ್ತದೆ, ಕಾಲಿಗೆ ಕೋಡಿ ಹಾರಿದ ರಕ್ತ ಬೆರೆತುಕೊಂಡಿರುತ್ತದೆ. ಒಂದು ಆಕ್ಸಿಮೀಟರ್ ಬಲಗೈಗೆ, ಇನ್ನೊಂದು ಕಾಲಿಗೆ ಹಾಕಿ. ಕೈಯಲ್ಲಿ 92, ಕಾಲಲ್ಲಿ 80 ಎಂದು ಬಂದರೆ ರಕ್ತ ಅಡ್ಡನಾಳದಲ್ಲಿ ತಿರುಗಿ ಹರಿಯುತ್ತಿದೆ ಎಂದು ಊಹಿಸಬಹುದು. ಐದರಿಂದ ಹತ್ತಕ್ಕಿಂತ ಹೆಚ್ಚಿನ ಅಂತರ ಕಂಡರೆ ವೈದ್ಯರು ಎಚ್ಚರಗೊಳ್ಳುತ್ತಾರೆ. ಕಿಂಡಿಯ ಮೂಲಕವೇ ಸೋರುತ್ತಿದ್ದರೆ ಎರಡೂ ಕಡೆ ಅಂಕಿ ಒಂದೇ ಸಮ ತಗ್ಗಿರುತ್ತದೆ, ಅಂತರ ಕಾಣದು. ಹೃದಯದ ಹುಟ್ಟುದೋಷಗಳೂ ಇದೇ ವೇಷದಲ್ಲಿ ಬರುತ್ತವೆ. ಹೃದಯದ ಸ್ಕ್ಯಾನ್, ಅಂದರೆ ಎಕೋ, ಮಾಡಿಯೇ ಖಚಿತಪಡಿಸಬೇಕು.

ತಪ್ಪೊಂದು ತೋರಿಸಿದ ದಾರಿ

ತೂಬು ಮುಚ್ಚಿದೆ ಎಂದು ಗೊತ್ತಾದ ಮೇಲೂ ವೈದ್ಯರು ವರ್ಷಗಟ್ಟಲೆ ಕೈಕಟ್ಟಿದಂತಿದ್ದರು. ರಕ್ತನಾಳ ಸಡಿಲಿಸುವ ಔಷಧಗಳು ಇರಲಿಲ್ಲವೆಂದಲ್ಲ. ಟೊಲಾಜೊಲಿನ್‌ನಂಥ ಔಷಧವನ್ನು ಸೂಜಿಯಲ್ಲಿ ಕೊಟ್ಟರೆ ಶ್ವಾಸಕೋಶದ ನಾಳಗಳ ಜೊತೆಗೆ ಮೈಯ ನಾಳಗಳೂ ಸಡಿಲಾಗಿ ಬಿ.ಪಿ. ಕುಸಿಯುತ್ತಿತ್ತು. ತೂಬು ಎದ್ದಿತು, ಜೊತೆಗೆ ಕೋಡಿಯೂ ತಗ್ಗಿತು. ನೀರು ಕೋಡಿಯ ಕಡೆಗೇ ಹರಿಯಿತು. ವೆಂಟಿಲೇಟರನ್ನು ಅತಿ ವೇಗವಾಗಿ ನಡೆಸಿ ರಕ್ತದ ಆಮ್ಲ ತಗ್ಗಿಸುವ ಪ್ರಯತ್ನವೂ ನಡೆಯಿತು. ಹಾಗೆ ಉಳಿದ ಮಕ್ಕಳಲ್ಲಿ ಕೆಲವರಿಗೆ ಕಿವಿ ಕೇಳಿಸದಾಯಿತು. ಶ್ವಾಸಕೋಶದ ನಾಳವನ್ನು ಮಾತ್ರ ಮುಟ್ಟುವ, ಮಿಕ್ಕ ಮೈಯನ್ನು ಮುಟ್ಟದ ಔಷಧ ಬೇಕಿತ್ತು.

ದಾರಿ ತೆರೆದದ್ದು ಮಕ್ಕಳಿಗೆ ಸಂಬಂಧವೇ ಇಲ್ಲದ ಪ್ರಯೋಗಶಾಲೆಯಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಾಬರ್ಟ್ ಫರ್ಚ್‌ಗಾಟ್ ಮೊಲದ ಮಹಾನಾಳದ ಪಟ್ಟಿಗಳ ಮೇಲೆ ಔಷಧ ಸುರಿದು ಅವು ಬಿಗಿಯುತ್ತವೋ ಸಡಿಲಾಗುತ್ತವೋ ಎಂದು ನೋಡುತ್ತಿದ್ದರು. 1978ರಲ್ಲಿ ಒಂದು ದಿನ ಸಹಾಯಕರು ಪ್ರಯೋಗದ ಒಂದು ಹಂತದಲ್ಲಿ ತಪ್ಪಿದರು, ಬಿಗಿಯಬೇಕಿದ್ದ ಪಟ್ಟಿ ಸಡಿಲಾಯಿತು. ಫರ್ಚ್‌ಗಾಟ್ ಅದನ್ನು ತಪ್ಪೆಂದು ತಳ್ಳಿಹಾಕಲಿಲ್ಲ, ಬೆನ್ನುಹತ್ತಿದರು. ಪಟ್ಟಿ ಕತ್ತರಿಸುವಾಗ ಒಳಮೈ ಉಜ್ಜಿಹೋಗಿದ್ದರೆ ಅದು ಸಡಿಲಾಗುವುದಿಲ್ಲ, ಒಳಪದರ ಉಳಿದಿದ್ದರೆ ಸಡಿಲಾಗುತ್ತದೆ ಎಂದು ತಿಳಿಯಿತು. ಆ ತೆಳುಪದರ ಏನನ್ನೋ ಒಸರಿ ಸ್ನಾಯುವಿಗೆ ಸಂದೇಶ ಕಳಿಸುತ್ತಿತ್ತು. 1980ರಲ್ಲಿ ಇದು ಪ್ರಕಟವಾಯಿತು. ಆ 'ಏನೋ' ನೈಟ್ರಿಕ್ ಆಕ್ಸೈಡ್ ಎಂದು 1987ರ ಹೊತ್ತಿಗೆ ಸ್ಪಷ್ಟವಾಯಿತು. ವಾಹನದ ಹೊಗೆಯಲ್ಲಿರುವ ಅನಿಲ ನಮ್ಮ ನಾಳಗಳಲ್ಲಿ ಸಂದೇಶವಾಹಕ ಎಂಬುದನ್ನು ನಂಬಲು ವಿಜ್ಞಾನಿಗಳಿಗೇ ಕಷ್ಟವಾಗಿತ್ತು. 1998ರ ನೊಬೆಲ್ ಫರ್ಚ್‌ಗಾಟ್, ಲೂಯಿ ಇಗ್ನಾರೋ ಮತ್ತು ಫೆರಿಡ್ ಮುರಾಡ್ ಅವರಿಗೆ ಸಂದಿತು. (ಹಲ್ಲಿನ ವೈದ್ಯರು ಬಳಸುವ ನಗೆ ಅನಿಲ ಬೇರೆ, ಅದು ನೈಟ್ರಸ್ ಆಕ್ಸೈಡ್.)

ಅನಿಲವಾದ್ದರಿಂದ ಅದನ್ನು ಉಸಿರಿನಲ್ಲೇ ಕೊಡಬಹುದಲ್ಲ ಎಂದು ಯೋಚಿಸಿದವರಲ್ಲಿ ಬಾಸ್ಟನ್ನಿನ ವಾರೆನ್ ಜಪೋಲ್ ಮುಂಚೂಣಿಯಲ್ಲಿದ್ದರು. 1991ರಲ್ಲಿ ಅವರ ತಂಡ ಕುರಿಮರಿಗಳಲ್ಲಿ ಪರೀಕ್ಷಿಸಿತು. 1992ರಲ್ಲಿ ಬಾಸ್ಟನ್ ಮತ್ತು ಡೆನ್ವರ್‌ನ ತಂಡಗಳು ಹಸುಗೂಸುಗಳಿಗೆ ಕೊಟ್ಟ ಅನುಭವವನ್ನು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದವು. ಉಸಿರಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 20 ಪಾಲು ಈ ಅನಿಲ ಬೆರೆಸಿದರೆ ಸಾಕು. ಗಾಳಿ ಎಲ್ಲೆಲ್ಲಿ ಹೋಗುತ್ತದೋ ಅಲ್ಲಿನ ನಾಳಗಳಷ್ಟೇ ತೆರೆಯುತ್ತವೆ, ಮುಚ್ಚಿದ ಮೂಲೆಯವು ಮುಚ್ಚಿಯೇ ಇರುತ್ತವೆ. ಅನಿಲ ನಾಳದ ಗೋಡೆ ದಾಟಿ ರಕ್ತಕ್ಕೆ ಇಳಿದ ಕೂಡಲೇ ಹಿಮೋಗ್ಲೋಬಿನ್ ಅದನ್ನು ಕ್ಷಣಾರ್ಧದಲ್ಲಿ ನುಂಗಿಬಿಡುತ್ತದೆ. ಮೈಯ ಬಿ.ಪಿ. ತಗ್ಗಿಸುವಷ್ಟು ದೂರ ಅದು ಹೋಗಲಾರದು. ವೈದ್ಯರು ಬಯಸಿದ ಔಷಧ ಹೀಗೆ ಉಸಿರಿನ ರೂಪದಲ್ಲಿ ಸಿಕ್ಕಿತು.

1997ರ ದೊಡ್ಡ ಪರೀಕ್ಷೆಯೊಂದರಲ್ಲಿ 235 ಮಕ್ಕಳನ್ನು ಎರಡು ಗುಂಪು ಮಾಡಲಾಯಿತು. ಅನಿಲ ಸಿಗದವರಲ್ಲಿ ನೂರಕ್ಕೆ 64 ಮಕ್ಕಳು ತೀರಿಕೊಂಡರು ಅಥವಾ ಅವರನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ಹಾಕಬೇಕಾಯಿತು. ಅನಿಲ ಸಿಕ್ಕವರಲ್ಲಿ ಅದು 46ಕ್ಕೆ ಇಳಿಯಿತು. ಇಳಿದದ್ದು ಯಂತ್ರದ ಅಗತ್ಯ. ಸಾವಿನ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ, ಏಕೆಂದರೆ ಅನಿಲ ಸೋತ ಮಕ್ಕಳನ್ನು ಯಂತ್ರ ಉಳಿಸುತ್ತಿತ್ತು. 1999ರಲ್ಲಿ ಅಮೆರಿಕ ಇದನ್ನು ಔಷಧವೆಂದು ಒಪ್ಪಿತು.

ಆ ಯಂತ್ರದ ಹೆಸರು ಎಕ್ಮೋ. ಮಗುವಿನ ರಕ್ತವನ್ನು ಹೊರಗೆಳೆದು ಆಮ್ಲಜನಕ ಬೆರೆಸಿ ಮರಳಿ ಒಳಗೆ ಬಿಡುವ ಅದು ಒಂದು ರೀತಿಯಲ್ಲಿ ಮಾಸನ್ನೇ ಮಗುವಿಗೆ ಮರಳಿ ಜೋಡಿಸಿದಂತೆ. 1975ರಲ್ಲಿ ಕ್ಯಾಲಿಫೋರ್ನಿಯಾದ ರಾಬರ್ಟ್ ಬಾರ್ಟ್ಲೆಟ್ ಮೊದಲ ಮಲ ಶ್ವಾಸಕೋಶಕ್ಕೆ ಎಳೆದುಕೊಂಡಿದ್ದ ಹೆಣ್ಣುಮಗುವೊಂದನ್ನು ಹೀಗೆ ಉಳಿಸಿದರು. ನರ್ಸುಗಳು ಆ ಮಗುವಿಗೆ ಸ್ಪ್ಯಾನಿಶ್ ಭಾಷೆಯಲ್ಲಿ 'ಭರವಸೆ' ಎಂಬ ಅರ್ಥದ ಹೆಸರಿಟ್ಟರು. 1996ರಲ್ಲಿ ಬ್ರಿಟನ್ನಿನಲ್ಲಿ ತೀವ್ರ ಉಸಿರಾಟದ ತೊಂದರೆಯ 185 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ ಎಕ್ಮೋ ಸಾವನ್ನು ನೂರಕ್ಕೆ 59ರಿಂದ 32ಕ್ಕೆ ಇಳಿಸಿತು.

ಸದ್ದು ಮಾಡಬೇಡಿ

ನೈಟ್ರಿಕ್ ಆಕ್ಸೈಡ್ ದುಬಾರಿ. ಸಿಲಿಂಡರ್ ಬೇಕು, ಪ್ರಮಾಣ ಅಳೆಯುವ ಯಂತ್ರ ಬೇಕು, ನುರಿತ ಕೈ ಬೇಕು. ಎಕ್ಮೋ ಅದಕ್ಕಿಂತ ಅಪರೂಪ. ನಮ್ಮ ದೇಶದ ಅನೇಕ ಆಸ್ಪತ್ರೆಗಳ ವೈದ್ಯರು ಸಿಲ್ಡೆನಾಫಿಲ್ ಎಂಬ ಔಷಧವನ್ನು ನೆಚ್ಚಿಕೊಂಡಿದ್ದಾರೆ. ವಯಾಗ್ರ ಮಾತ್ರೆಯಲ್ಲಿರುವ ವಸ್ತುವೇ ಇದು, ಮೊದಲಿಗೆ ಎದೆನೋವಿನ ಔಷಧವೆಂದು ಹುಡುಕಿದ್ದು. ನೀರಗಂಟಿ ತೂಬು ಎತ್ತಿಹೋದ ಮೇಲೆ ಹಿಂದಿನಿಂದ ಬಂದು ಇಳಿಸುವ ಕಿಣ್ವವೊಂದು ನಾಳದ ಸ್ನಾಯುವಿನಲ್ಲಿದೆ. ಸಿಲ್ಡೆನಾಫಿಲ್ ಅದರ ಕೈ ಹಿಡಿಯುತ್ತದೆ, ಎತ್ತಿದ ತೂಬು ಎತ್ತಿಯೇ ಇರುತ್ತದೆ. 2006ರಲ್ಲಿ ಕೊಲಂಬಿಯಾ ದೇಶದಲ್ಲಿ 13 ಮಕ್ಕಳ ಪುಟ್ಟ ಪರೀಕ್ಷೆ ನಡೆಯಿತು. ಔಷಧ ಕುಡಿಸಿದ ಏಳರಲ್ಲಿ ಆರು ಮಕ್ಕಳು ಉಳಿದರು, ಕುಡಿಸದ ಆರರಲ್ಲಿ ಒಂದು. ಹದಿಮೂರು ಮಕ್ಕಳಿಂದ ದೊಡ್ಡ ತೀರ್ಮಾನಕ್ಕೆ ಬರಬಾರದು, ಮೈಯ ಬಿ.ಪಿ.ಯನ್ನೂ ಇಳಿಸಬಲ್ಲ ಔಷಧವಿದು. ಆದರೂ ಸಿಲಿಂಡರ್ ಇಲ್ಲದ ಊರುಗಳ ವೈದ್ಯರಿಗೆ ಅದು ಕೊಟ್ಟ ಧೈರ್ಯ ಸಣ್ಣದಲ್ಲ.

ಔಷಧಕ್ಕಿಂತ ಮೊದಲು ಬರುವುದು ಆರೈಕೆ. ಮೈ ಬೆಚ್ಚಗಿರಬೇಕು, ಸಕ್ಕರೆ ಇಳಿಯಬಾರದು, ಬಿ.ಪಿ. ಕುಸಿಯಬಾರದು, ವೆಂಟಿಲೇಟರ್ ಮೃದುವಾಗಿ ನಡೆಯಬೇಕು. ಆಮ್ಲಜನಕವನ್ನೂ ಮಿತಿಮೀರಿ ಸುರಿಯುವಂತಿಲ್ಲ, ಅತಿಯಾದರೆ ಅದು ನೈಟ್ರಿಕ್ ಆಕ್ಸೈಡನ್ನೇ ಕೆಡಿಸುತ್ತದೆ. ಈ ಮಕ್ಕಳ ನಾಳಗಳು ಎಷ್ಟು ಸೂಕ್ಷ್ಮವೆಂದರೆ ಬಾಗಿಲು ಬಡಿದ ಸದ್ದಿಗೆ, ಡಯಾಪರ್ ಬದಲಿಸುವ ಕೈಯ ಸ್ಪರ್ಶಕ್ಕೆ ಬಿಗಿದುಕೊಳ್ಳುತ್ತವೆ, ಆಕ್ಸಿಮೀಟರಿನ ಅಂಕಿ ಸರ್ರನೆ ಇಳಿಯುತ್ತದೆ. ಅದಕ್ಕೇ ದೀಪ ಮಂದ ಮಾಡಿ, ಕೆಲವೊಮ್ಮೆ ಕಿವಿ ಮುಚ್ಚಿ, ಆದಷ್ಟು ಮುಟ್ಟದೆ ಇಡುತ್ತಾರೆ. ಹೆತ್ತವಳು ಗಾಜಿನಾಚೆ ನಿಂತು, ಎತ್ತಿಕೊಳ್ಳಲಾಗದೆ ನೋಡುತ್ತಿರುತ್ತಾಳೆ. ಅವಳಿಗೆ ಯಾರಾದರೂ ಕೂತು ಹೇಳಬೇಕು: ನಿನ್ನ ತಪ್ಪಿಲ್ಲ ತಾಯಿ, ನೀನು ಉಂಡದ್ದರಿಂದಲೋ ನಡೆದದ್ದರಿಂದಲೋ ಹೀಗಾಗಿಲ್ಲ. ಸುಳಿ ಒಮ್ಮೆ ಮುರಿದರೆ ಹೆಚ್ಚಿನ ಮಕ್ಕಳ ನಾಳಗಳು ಕೆಲವು ದಿನಗಳಲ್ಲಿ ತಾವಾಗಿ ಸಡಿಲಾಗುತ್ತವೆ. ಮನೆಗೆ ಹೋದ ಮೇಲೂ ಕಿವಿ ಕೇಳುತ್ತದೆಯೇ, ಬೆಳವಣಿಗೆ ಸರಿಯಿದೆಯೇ ಎಂದು ಕೆಲವು ವರ್ಷ ನೋಡಿಸುತ್ತಿರಬೇಕು.

ಮನೆಯಲ್ಲಿ ಹಸುಗೂಸು ಇರುವವರು ಇಷ್ಟನ್ನು ನೆನಪಿಡಿ. ನಾಲಿಗೆ, ತುಟಿಯ ಒಳಭಾಗ ನೀಲಿಯಾದರೆ, ಉಸಿರು ನಿಮಿಷಕ್ಕೆ 60 ದಾಟಿದರೆ, ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ನರಳಿದರೆ, ಹಾಲೆಳೆಯದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಸ್ನಾನ ಮಾಡಿಸಬೇಡಿ, ಮಗುವನ್ನು ತಾಯಿಯ ಎದೆಗೆ ಚರ್ಮ ತಾಗುವಂತೆ ಒರಗಿಸಿ ಮೇಲೆ ಹೊದಿಸಿ ಬೆಚ್ಚಗೆ ಕರೆದೊಯ್ಯಿರಿ. ಕಾಯಿಲೆ ಬಿದ್ದ ನವಜಾತ ಶಿಶುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಪರೀಕ್ಷೆ, ಹೋಗಿಬರುವ ವಾಹನ ಎಲ್ಲವೂ ಉಚಿತ. 2011ರಿಂದ ಜಾರಿಯಲ್ಲಿರುವ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಕೊಟ್ಟಿರುವ ಹಕ್ಕು ಅದು. ಹೆರಿಗೆ ಕೋಣೆಯ ಬಾಗಿಲಲ್ಲಿ "ಮಗು ಅತ್ತಿತೇ?" ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: "ಬಲಗೈಗೂ ಕಾಲಿಗೂ ಆಕ್ಸಿಮೀಟರ್ ಇಟ್ಟು ನೋಡಿದಿರಾ, ಸಿಸ್ಟರ್?"